ಇಂದಿನ ಚಿಂತನೆ: ಎಷ್ಟು ಚದರಡಿ ಕರುಣೆ?

 

ಬಂಧುಗಳೇ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಸುಮಾರು 8,000 ಜನ ಸತ್ತರು. ಭೂಮಿ ಯಾರ ಜಾತಿಯನ್ನೂ ಕೇಳಲಿಲ್ಲ.

ಆಮೇಲೆ ಸರ್ವೆ ಬಂತು. ಊರುಗಳನ್ನು ಹೊಸ ಜಾಗದಲ್ಲಿ ಕಟ್ಟುವಾಗ ಹಿಡುವಳಿ ನೋಡಿ ಮನೆ ಕೊಟ್ಟರು: ಹೊಲ ಇಲ್ಲದವರಿಗೂ ತುಂಡು ಹೊಲದವರಿಗೂ 250 ಚದರಡಿ, ನಡುವಿನವರಿಗೆ 400, ದೊಡ್ಡ ಹಿಡುವಳಿಯವರಿಗೆ 750. ಈ ಲೆಕ್ಕವನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು: "ಹೊಲ ಇಲ್ಲದವ್ರ ಮನ್ಯಾಗ ಮಂದಿ ಕಮ್ಮಿ ಇರ್ತಾರೇನ್ರಿ ಸರ್?"

ಕಳೆದುಕೊಂಡಷ್ಟನ್ನೇ ಕೊಡುವುದು ನ್ಯಾಯವೆಂದು ತೋರಬಹುದು. ಆದರೆ ತಲೆಮಾರುಗಳಿಂದ ಏನನ್ನೂ ಹೊಂದಲು ಬಿಡದವರ ನಷ್ಟವನ್ನು ಹೀಗೆ ಅಳೆದರೆ, ಹಳೆಯ ಅನ್ಯಾಯಕ್ಕೇ ಹೊಸ ಪಾಯ ಹಾಕಿದಂತೆ ಎಂದು ನನಗನಿಸುತ್ತದೆ. ಬಾಬಾಸಾಹೇಬರು ಧಮ್ಮದಲ್ಲಿ ಕಂಡದ್ದು ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ. ಸಮತೆ ಬಿಟ್ಟ ಕರುಣೆ ಚದರಡಿ ಎಣಿಸುತ್ತದೆ.

ದೊಡ್ಡ ಕಂಪನ ನಿಂತ ಮೇಲೂ ತಜ್ಞರು ಯಂತ್ರವಿಟ್ಟು ಮರುಕಂಪನಗಳನ್ನು ಕಾಯುತ್ತಾರೆ; ಬಿರುಕುಬಿಟ್ಟ ಗೋಡೆಗೆ ಸಣ್ಣ ನಡುಕವೂ ಸಾಕು. ನಮಗೂ ಆ ಎಚ್ಚರ ಬೇಕು. ಮಳೆಯೋ ನೆರೆಯೋ ಬಂದು ಹಾನಿಯ ಸರ್ವೆ ನಡೆದಾಗ ಪಟ್ಟಿಯನ್ನು ಓದಿಸಿ ಕೇಳೋಣ. ಕೇರಿಯ ಕೊನೆಯ ಮನೆ, ಹಕ್ಕುಪತ್ರವಿಲ್ಲದ ಮನೆ ಅದರಲ್ಲಿದೆಯೇ? ಇದೂ ಸಮ್ಮಾ ಸತಿಯೇ.

ಭವತು ಸಬ್ಬ ಮಂಗಲಂ.