ಮೀಸೆಗೆ ಮಣ್ಣು ಮೆತ್ತಲಿ

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.' ಸೋತವನು ಸೋಲೊಪ್ಪದೆ ಸಬೂಬು ಹುಡುಕಿದಾಗ ಚುಚ್ಚಿ ಹೇಳುವ ಗಾದೆ ಇದು. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಅಭ್ಯರ್ಥಿ 'ಕಳೆದ ಸಲಕ್ಕಿಂತ ನಾಲ್ಕು ಮತ ಹೆಚ್ಚು ಬಂದಿವೆ' ಎಂದಾಗ ಕಟ್ಟೆಯ ಮೇಲೆ ಕೂತವರ ಬಾಯಿಗೆ ತಾನಾಗಿ ಬರುತ್ತದೆ. ಆದರೆ ಗಾದೆ ಹುಟ್ಟಿದ್ದು ಗರಡಿಯ ಮಣ್ಣಿನಲ್ಲಿ. ಅಲ್ಲಿಗೇ ಇಳಿದು ನೋಡಿದರೆ ಅದರ ಕುಹಕ ಇನ್ನೂ ಹರಿತವಾಗಿದೆ.

ಮಣ್ಣಿನ ಕುಸ್ತಿಯ ಹಳೆಯ ಕಟ್ಟಳೆ ಸರಳ. ಎದುರಾಳಿಯನ್ನು ಅಂಗಾತ ಕೆಡವಿ ಅವನ ಬೆನ್ನು, ಭುಜಗಳನ್ನು ನೆಲಕ್ಕೆ ತಾಗಿಸಬೇಕು, ಆಗಲೇ 'ಚಿತ್'. ಬೋರಲು ಬಿದ್ದವನು ಇನ್ನೂ ಸೋತಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕೈಕಾಲು ಅಗಲಿಸಿ, ಮುಖವನ್ನು ಮಣ್ಣಿಗಿಟ್ಟು ಗಟ್ಟಿಯಾಗಿ ಮಲಗಿದವನನ್ನು ಮಗುಚಿ ಹಾಕಲು ಮೇಲಿನವನು ಬೆವರು ಸುರಿಸಬೇಕಾಗುತ್ತದೆ. ಈಗ ಹೇಳಿ, ಮೀಸೆ ಮಣ್ಣಾಗುವುದು ಯಾರದು? ಇನ್ನೂ ಸೆಣಸುತ್ತಿರುವವನದು. ಅಂಗಾತ ಬಿದ್ದವನ ಮೀಸೆ ಆಕಾಶ ನೋಡುತ್ತ ಶುಭ್ರವಾಗಿಯೇ ಉಳಿಯುತ್ತದೆ. ಮಣ್ಣೆಲ್ಲ ಅವನ ಬೆನ್ನಿನಲ್ಲಿರುತ್ತದೆ. ಅದು ನೋಡುವವರಿಗೆಲ್ಲ ಕಾಣುತ್ತದೆ, ಅವನೊಬ್ಬನಿಗೆ ಕಾಣುವುದಿಲ್ಲ. ಗಾದೆಯ ಜಟ್ಟಿ ತನ್ನ ಸೋಲಿನ ಗುರುತನ್ನೇ ಗೆಲುವಿನ ಸಾಕ್ಷಿ ಮಾಡಿಕೊಂಡಿದ್ದಾನೆ.

'ಪಾಸಿಟಿವ್ ಆಗಿರು' ಎಂಬ ಉಪದೇಶ ಈಗ ಎಲ್ಲೆಲ್ಲೂ ಸಿಗುತ್ತದೆ. ಅದರಲ್ಲಿ ಬಹುಪಾಲು ಮೀಸೆ ಒರೆಸಿಕೊಳ್ಳುವ ಪಾಠವೇ: ಏನೂ ಆಗಿಲ್ಲ ಅಂದುಕೊ, ಗೆದ್ದೆ ಅಂದುಕೊ. ಗರಡಿ ಕಲಿಸುವುದು ಬೇರೆ. ಅಲ್ಲಿ ಹುರುಪು ಮಾತಿನಿಂದ ಬರುವುದಿಲ್ಲ. ದಂಡೆ, ಬಸ್ಕಿ, ಗದೆ, ಮಣ್ಣು ಅಗೆದು ಹದ ಮಾಡುವ ಕೆಲಸ, ಇವುಗಳಿಂದ ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ 'ಮಾನಸೋಲ್ಲಾಸ' ಮಲ್ಲರಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದೆ. ಅವರ ದರ್ಜೆ, ಊಟ, ಭಾರ ಎತ್ತುವುದು, ಈಜು, ಕಂಬದ ಸಾಧನೆ ಎಲ್ಲವೂ ಅಲ್ಲಿವೆ. ದಿನಚರಿ ನೆಟ್ಟಗಿದ್ದರೆ ಎದೆಗಾರಿಕೆ ಅದರ ಹಿಂದೆಯೇ ಬರುತ್ತದೆಂಬ ನಂಬಿಕೆ ನಮ್ಮ ನೆಲದಲ್ಲಿ ಅಷ್ಟು ಹಳೆಯದು.

ಅಖಾಡಕ್ಕೆ ಇಳಿಯುವ ಪೈಲ್ವಾನ ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ಹಿಡಿತ ಜಾರದಿರಲೆಂದು ಮೈಗೆ ಎರಚಿಕೊಳ್ಳುತ್ತಾನೆ, ಎದುರಾಳಿಯ ಮೈಗೂ ಹಚ್ಚುತ್ತಾನೆ. ಪಂದ್ಯ ಶುರುವಾಗುವ ಮೊದಲೇ ಇಬ್ಬರ ಮೈಯೂ ಮಣ್ಣಾಗಿರುತ್ತದೆ. ಹೀಗೆ ಮಣ್ಣನ್ನು ತಾನೇ ಬರಮಾಡಿಕೊಂಡವನಿಗೆ ಮಣ್ಣಿನಲ್ಲಿ ಬೀಳುವುದು ಅವಮಾನವೆನಿಸದು. ಜಪಾನಿನ ಜೂಡೊ ಇದನ್ನೇ ಪಾಠಕ್ರಮ ಮಾಡಿತು. ಕಾನೊ ಜಿಗೊರೊ 1882ರಲ್ಲಿ ಕಟ್ಟಿದ ಈ ಕಲೆಯಲ್ಲಿ ಹೊಸಬರು ಮೊದಮೊದಲು ಕಲಿಯುವುದು ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ಬಗೆ. ಬೀಳುವ ಭಯ ಹೋದ ಮೇಲೆ ತಾನೇ ಮುನ್ನುಗ್ಗಲು ಮನಸ್ಸು ಬರುವುದು?

ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಮೇಲಿನ ಕುಸ್ತಿಯೂ ಅದರ ನಿಯಮಗಳೂ ಅವರಿಗೆ ಹೊಸವು. ಸಿಕ್ಕಿದ್ದು ಆರನೆಯ ಸ್ಥಾನ. 'ಮಣ್ಣಿನಲ್ಲಾಗಿದ್ದರೆ ತೋರಿಸುತ್ತಿದ್ದೆ' ಎಂದು ಅವರು ಮೀಸೆ ತಿರುವಬಹುದಿತ್ತು; ಕೇಳಿದವರು ನಂಬುತ್ತಲೂ ಇದ್ದರು. ಆದರೆ ಜಾಧವ್ ತಮ್ಮ ಕೊರತೆ ಎಲ್ಲಿದೆಯೆಂದು ನೋಡಿ ಮತ್ತೆ ತಾಲೀಮಿಗೆ ನಿಂತರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಗೆದ್ದ ಕಂಚು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ.

ಹಾಗೆಂದು ಮಣ್ಣು ಮುಕ್ಕುವುದೇ ಪುಣ್ಯವಲ್ಲ. ಮುರಿದ ಭುಜ ಇಟ್ಟುಕೊಂಡು ಪಟ್ಟು ಹಾಕಲು ಹೊರಟವನನ್ನು ಬಲ್ಲ ಉಸ್ತಾದರು ಮನೆಗೆ ಕಳಿಸುತ್ತಾರೆ. ನೋವು ಇಲ್ಲವೆನ್ನುವುದೂ ಮೀಸೆ ಒರೆಸಿಕೊಳ್ಳುವ ಇನ್ನೊಂದು ಬಗೆ. ಇದ್ದುದನ್ನು ಇದ್ದಂತೆ ಕಂಡು, ಮುಂದಿನ ಪಟ್ಟು ಯಾವುದೆಂದು ಹುಡುಕುವ ಮನಸ್ಸಿಗೆ ಮಾತ್ರ ಆಶಾವಾದ ಎಂಬ ಹೆಸರು ಒಪ್ಪುತ್ತದೆ.

ಮೈಸೂರು ದಸರಾ ಕುಸ್ತಿಯಲ್ಲಿ ಈಗ ಹುಡುಗಿಯರೂ 'ದಸರಾ ಕಿಶೋರಿ' ಪಟ್ಟಕ್ಕಾಗಿ ಸೆಣಸುತ್ತಾರೆ. ಅವರಿಗೆ ತಿರುವಲು ಮೀಸೆಯಿಲ್ಲ, ಆದ್ದರಿಂದ ಗಾದೆಯ ಸಬೂಬೂ ಇಲ್ಲ. ಬಿದ್ದರೆ ಬಿದ್ದೆ, ಎಲ್ಲಿ ತಪ್ಪಿತು ಎಂದು ಕೇಳಿ ನಾಳೆ ಮತ್ತೆ ತಾಲೀಮಿಗೆ ಹೋಗಬೇಕು, ಅಷ್ಟೆ. ಮೀಸೆಯಿರುವವರೂ ಅವರಿಂದ ಕಲಿಯಬಹುದಾದದ್ದು ಇದೆ.