ಗೆಡ್ಡೆಯ ಹಿತ್ತಿಲು ಮತ್ತು ಅನುಮೋದನೆಯ ಪ್ರಶ್ನೆ

ಜೋಯಿಡಾ ತಾಲೂಕಿನ ಕುಂಬಾರವಾಡದ ಆಸುಪಾಸಿನ ಕುಣಬಿ ಮನೆಗಳ ಹಿತ್ತಿಲು ನೋಡತಕ್ಕದ್ದು. ಕಾಡಿನ ಮಗ್ಗುಲಲ್ಲೇ ಮಣ್ಣೇರಿಸಿದ ಮಡಿಗಳಲ್ಲಿ ಕೆಸುವಿನ ಜಾತಿಯ ಮುಡ್ಲಿ, ಆಸರೆಗೆ ಹಬ್ಬಿದ ಕೋನ, ಸುವರ್ಣಗೆಡ್ಡೆ, ಗೆಣಸು. ಬೇಲಿಯ ಮೇಲೆ ಅವರೆ, ಹೀರೆ, ಸೌತೆ. ಮಳೆಗೆ ಮುನ್ನ ನೆಟ್ಟ ಗೆಡ್ಡೆಯನ್ನು ಚಳಿಗಾಲದಲ್ಲಿ ಅಗೆಯುತ್ತಾರೆ. ಜೋಯಿಡಾದಲ್ಲಿ ಗೆಡ್ಡೆಗಳಿಗೆಂದೇ ಮೇಳವೂ ನಡೆಯುತ್ತದೆ. ಒಬ್ಬರ ಹಿತ್ತಿಲನ್ನು ಮತ್ತೊಬ್ಬರು ನೋಡಿ ಬೀಜ ಬದಲಾಯಿಸಿಕೊಳ್ಳುವುದು ಮಲೆನಾಡಿನ ಹೆಂಗಸರಿಗೆ ಹೊಸತಲ್ಲ. 2001ರಲ್ಲಿ ಶಿರಸಿಯಲ್ಲಿ ಆರಂಭವಾದ ವನಸ್ತ್ರೀ ಬಳಗ ಆ ರೂಢಿಗೆ ಸಂಘಟನೆಯ ರೂಪ ಕೊಟ್ಟಿತು.

ಅಂತಹ ಕೈತೋಟಾಸಕ್ತರ ಜೊತೆಗೆ ಒಬ್ಬ ಜೈನ ಶ್ರಾವಕಿಯೂ ಅಲ್ಲಿಗೆ ಹೋದಳೆನ್ನೋಣ. ಮನೆಯಾಕೆ ಆಗ ತಾನೇ ಅಗೆದ ಮುಡ್ಲಿಯನ್ನು ಎರಡೂ ಕೈಗಳಲ್ಲಿ ಎತ್ತಿ ತೋರಿಸುತ್ತಾಳೆ. ಉಳಿದವರು ಮೆಚ್ಚುತ್ತಾರೆ. ಶ್ರಾವಕಿ ಏನು ಹೇಳಬೇಕು?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಜೈನಾಚಾರದಲ್ಲಿ ಚಿಕ್ಕದಲ್ಲ. ಹಿಂಸೆಯನ್ನು ತಾನು ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮೋದನೆ, ಮೂರರಿಂದಲೂ ಕರ್ಮಬಂಧ. ಕಂದಮೂಲವಾದರೋ ಅನಂತಕಾಯ, ಒಂದೇ ಶರೀರದಲ್ಲಿ ಅನಂತ ಜೀವಗಳ ವಾಸ. ಕತ್ತರಿಸಿ ನೆಟ್ಟರೂ ಚಿಗುರುವುದನ್ನು ಅಂತಹ ಸಸ್ಯದ ಲಕ್ಷಣಗಳಲ್ಲಿ ಒಂದಾಗಿ ಚಾವುಂಡರಾಯನ ಕಾಲದ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದಲ್ಲಿ ಹೇಳಿದ್ದಾರೆ. ಕುಂಬಾರವಾಡದ ಮನೆಯಾಕೆ ಆ ಗ್ರಂಥವನ್ನು ಓದಿದವಳಲ್ಲ. ಆದರೂ ಗೆಡ್ಡೆಯ ಮೊಳಕೆಯ ಭಾಗವನ್ನು ಬಿಡಿಸಿ ಮುಂದಿನ ವರ್ಷಕ್ಕೆ ಎತ್ತಿಡುವಾಗ ಆ ಲಕ್ಷಣವನ್ನು ಕೈಯಿಂದಲೇ ಬಲ್ಲಳು.

ಹಾಗಾದರೆ ಮೌನವೇ ಲೇಸೇ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮುಂತಾದವನ್ನು ಬಿಡಲು ಕೊಟ್ಟ ಕಾರಣ ಮನನೀಯವಾದುದು: ಅವುಗಳಿಂದ ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ. ಇದು ತೂಕದ ಮಾತು. ತೂಗುವವನು ತನ್ನ ತಟ್ಟೆಯಲ್ಲಿರುವುದನ್ನು ಮೊದಲು ತೂಗಬೇಕು. ಗೆಡ್ಡೆ ಬಿಟ್ಟೆನೆಂದು ನಿಶ್ಚಿಂತನಾದ ಪೇಟೆಯ ಶ್ರಾವಕನು ಕೊಳ್ಳುವ ಹುಳುಕಿಲ್ಲದ ಬದನೆ, ಹೂಕೋಸುಗಳ ಹಿಂದೆ ಎಷ್ಟೋ ಸಲ ಕೀಟನಾಶಕದ ಸಿಂಪಡಣೆ ಇರುತ್ತದೆ. ಅಲ್ಲಿ ಸಾಯುವವು ಏಕೇಂದ್ರಿಯಗಳಲ್ಲ, ನಡೆದಾಡುವ, ಹಾರಾಡುವ ತ್ರಸಜೀವಗಳು. ಕೊಳ್ಳುವವನು ಅದನ್ನು ಕಾಣುವುದಿಲ್ಲ, ಆದ್ದರಿಂದ ಲೆಕ್ಕಕ್ಕೂ ಹಿಡಿಯುವುದಿಲ್ಲ. ಹಣ ಕೊಟ್ಟು ಮಾಡಿಸಿದ್ದು ಕಾರಿತವಲ್ಲವೆಂದು ವಾದಿಸುವುದು ಸುಲಭವಲ್ಲ.

ಹೀಗೆಂದ ಮಾತ್ರಕ್ಕೆ ಕಂದಮೂಲ ತ್ಯಾಗ ವ್ಯರ್ಥವೆಂದಾಗಲಿಲ್ಲ. ಒಂದು ದೋಷವನ್ನು ತೋರಿಸಿ ಮತ್ತೊಂದಕ್ಕೆ ಪರವಾನಗಿ ಪಡೆಯುವುದು ಜಾಣತನ, ಧರ್ಮವಲ್ಲ. ವ್ರತ ಹಿಡಿದವಳು ವ್ರತವನ್ನು ಹಿಡಿದೇ ಇರಲಿ. ಆದರೆ ವ್ರತವು ಹಿಡಿದವರನ್ನು ಕಟ್ಟುತ್ತದೆ. ಹಿಡಿಯದವರನ್ನು ತೂಗುವ ಕಲ್ಲಲ್ಲ. ಗೆಡ್ಡೆಯನ್ನೇ ನಂಬಿ ವರ್ಷದ ಕೆಲವು ತಿಂಗಳು ಕಳೆಯುವ ಮನೆಗೆ ಅದರ ಫಲ ಅಲ್ಪವಲ್ಲ. ಕೃಷಿಯಾದರೂ ಆದಿನಾಥನೇ ಜನರಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಒಂದು. ಅದರ ಹಿಂಸೆ ಉದ್ಯೋಗಿ ಹಿಂಸೆ, ಸಂಕಲ್ಪಿ ಹಿಂಸೆಯಲ್ಲ. ಈ ಭೇದವನ್ನು ಜೈನ ವ್ಯಾಪಾರಿಯು ತನ್ನ ಅಂಗಡಿಗೆ ಅನ್ವಯಿಸಿಕೊಳ್ಳುವಷ್ಟು ಉದಾರವಾಗಿ ಕುಣಬಿಯ ಗುದ್ದಲಿಗೂ ಅನ್ವಯಿಸಬೇಕಲ್ಲವೇ?

ಮೆಚ್ಚತಕ್ಕದ್ದು ಆ ಹಿತ್ತಿಲಿನಲ್ಲಿ ಬೇಕಾದಷ್ಟಿದೆ. ತಲೆಮಾರುಗಳಿಂದ ತಳಿ ಕೆಡದಂತೆ ಕಾಯ್ದುದು, ನೆರೆಯವರಿಗೆ ಬೀಜ ಹಂಚುವುದು, ಇವನ್ನು ಹೊಗಳಿದರೆ ಅನುಮೋದನೆಯಾಗುವುದು ದಾನಕ್ಕೆ ಮತ್ತು ಸಂಯಮಕ್ಕೆ. ಊಟಕ್ಕೆ ಕರೆದರೆ, "ನಮ್ಮ ಮನೆಯಲ್ಲಿ ನೆಲದೊಳಗಿನದನ್ನು ಬಿಟ್ಟಿದ್ದೇವೆ ತಾಯೀ" ಎಂದು ತಗ್ಗಿದ ದನಿಯಲ್ಲಿ ಹೇಳಬಹುದು. ಮಲೆನಾಡಿನ ಯಾವ ಮನೆಯಾಕೆಗೂ ನೇಮವೆಂಬುದು ಅಪರಿಚಿತವಲ್ಲ. ಅವಳಿಗೆ ನೋವಾಗುವುದು ಮೂಗು ಮುರಿದಾಗ.

ಬಸದಿಯ ಹಿಂದೆ ಬರಿದಾಗಿ ಬಿದ್ದ ನೆಲವುಳ್ಳ ಟ್ರಸ್ಟುಗಳಿಗೂ ಈ ವಿಚಾರ ಸಂಬಂಧಿಸಿದ್ದೇ. ಅಲ್ಲಿ ವಿಷ ಹೊಡೆಯದೆ ಅವರೆ, ಹೀರೆ, ಸೌತೆ ಬೆಳೆಯಬಹುದು. ಹುಳ ತಿಂದ ಎಲೆಯನ್ನು ಹುಳಕ್ಕೇ ಬಿಟ್ಟು, ಚಾತುರ್ಮಾಸದಲ್ಲಿ ಸೊಪ್ಪನ್ನು ಮುಟ್ಟದೆ, ನೀರನ್ನು ಸೋಸಿ ಹಾಕಿ. ಫಸಲು ಕಡಿಮೆಯೇ ಬಂದೀತು. ಮೊದಲ ಅವರೆಯ ಬೀಜಕ್ಕೆ ಕುಂಬಾರವಾಡದ ಆ ಬೇಲಿಯ ಬಳಿಗೇ ಹೋಗಿ ಸೆರಗೊಡ್ಡಬೇಕಾಗಬಹುದು.