ರೋಗ ಬರುವ ದಾರಿಯನ್ನು ಕಾಯುವ ಕಾಯಕ



ಮುಧೋಳ ತಾಲೂಕಿನ ಲೋಕಾಪುರದ ಭಕ್ತರೊಬ್ಬರು ತಮ್ಮ ಮಗನೊಡನೆ ನಮ್ಮ ಬಳಿಗೆ ಬಂದಿದ್ದರು. ಮಗನು ವೈದ್ಯಕೀಯ ಪದವಿಯನ್ನು ಪಡೆದವನು. “ಅಪ್ಪಾವರೇ, ಹೊಲದ ಮೇಲೆ ಸಾಲ ತೆಗೆದು ಇವನನ್ನು ಓದಿಸಿದೆನು. ಊರಲ್ಲಿ ಒಂದು ದವಾಖಾನೆ ತೆರೆದರೆ ನಾಲ್ಕು ಕಾಸು ಕಂಡೇವು. ಇವನು ಸಾರ್ವಜನಿಕ ಆರೋಗ್ಯದ ಕೆಲಸಕ್ಕೇ ಹೋಗುವೆನೆನ್ನುತ್ತಾನೆ. ಬಾವಿಯ ನೀರು ನೋಡುವುದು, ಚರಂಡಿ ನೋಡುವುದು, ಕೂಸುಗಳಿಗೆ ಲಸಿಕೆ ಬಿದ್ದಿದೆಯೋ ಇಲ್ಲವೋ ಎಂದು ಲೆಕ್ಕ ಬರೆಯುವುದು! ಇದಕ್ಕಾಗಿ ಇಷ್ಟು ಓದಬೇಕಿತ್ತೆ? ನೀವಾದರೂ ಬುದ್ಧಿ ಹೇಳಿರಿ” ಎಂದು ತಂದೆಯು ಕೇಳಿಕೊಂಡರು.

ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಸಾಲ ತೀರಿಸುವುದೂ ಗೃಹಸ್ಥನ ಧರ್ಮವೇ ಅಹುದು. ನಾವೂ ಹಾಗೆಯೇ ಹೇಳಲು ಹೊರಟಿದ್ದೆವು. ಆದರೂ ಮೊದಲು, “ತಮ್ಮಾ, ನಿನಗೆ ಈ ಮನಸ್ಸು ಹೇಗೆ ಬಂತು?” ಎಂದು ಕೇಳಿದೆವು.

ಅವನೆಂದನು: “ನಾನು ಸಣ್ಣವನಿದ್ದಾಗ ನಾವು ಅವ್ವನ ತವರೂರಿನಲ್ಲಿದ್ದೆವು. ಅಲ್ಲಿಯ ಓಣಿಯಲ್ಲಿ ಕುಡಿಯುವ ನೀರಿಗೆ ಚರಂಡಿಯ ನೀರು ಕೂಡಿ ವಾಂತಿಭೇದಿ ಹಬ್ಬಿತು. ನನ್ನ ತಂಗಿಯೂ ಹಾಸಿಗೆ ಹಿಡಿದಳು. ವೈದ್ಯರು ಹಗಲಿರುಳು ಕಾದು ಅವಳನ್ನು ಉಳಿಸಿದರು. ಮನೆಗೆ ಕರೆತಂದ ಮೇಲೆ ಅವ್ವ ಅದೇ ನಳದ ನೀರನ್ನು ಕುಡಿಸಿದಳು. ಎಂಟು ದಿನಗಳಲ್ಲಿ ಮತ್ತೆ ಮಲಗಿದ ತಂಗಿ ಮೇಲೇಳಲಿಲ್ಲ. ಬಂದ ರೋಗಕ್ಕೆ ವೈದ್ಯರಿದ್ದರು, ಅಪ್ಪಾವರೇ. ರೋಗ ಬರುವ ದಾರಿಯನ್ನು ಕಾಯುವವರು ಯಾರೂ ಇರಲಿಲ್ಲ.”

ತಂದೆಯು ತಲೆ ತಗ್ಗಿಸಿದರು. ನಮ್ಮ ಬುದ್ಧಿಮಾತೂ ನಾಲಗೆಯಲ್ಲಿಯೇ ಉಳಿಯಿತು.

ದಾರಿ ಕಾಯುವ ಈ ಕಾಯಕವು ಎಂತಹುದೆಂಬುದನ್ನು ಹಿರಿಯರು ಬಲ್ಲರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ನಾರುಹುಣ್ಣಿನ ಬಾಧೆಯಿತ್ತು. ಮೆಟ್ಟಿಲುಬಾವಿಯ ನೀರಿನೊಡನೆ ಹೊಟ್ಟೆ ಸೇರಿದ ಸೂಕ್ಷ್ಮವಾದ ಮರಿಹುಳು ಸುಮಾರು ಒಂದು ವರ್ಷ ಮೈಯೊಳಗೆ ಬೆಳೆದು, ಮೊಳಕ್ಕೂ ಮಿಕ್ಕಿ ಉದ್ದದ ನಾರಿನಂತೆ ಬಹುಮಟ್ಟಿಗೆ ಕಾಲಿನಿಂದ ಹೊರಬರುತ್ತಿತ್ತು. ಉರಿಯನ್ನು ತಾಳಲಾರದೆ ಆ ಕಾಲನ್ನು ಬಾವಿಯ ನೀರಿಗಿಟ್ಟರೆ ಹುಳುವು ಅಲ್ಲಿಯೇ ಮರಿಗಳನ್ನು ಚೆಲ್ಲುತ್ತಿತ್ತು. ಅದಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. 1984ರಲ್ಲಿ ಭಾರತದಲ್ಲಿ ಸುಮಾರು 40 ಸಾವಿರ ಜನರು ಇದರಿಂದ ನರಳಿದರೆಂದು ಲೆಕ್ಕ ಸಿಕ್ಕಿತು. ಆಗ ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿ ತಿರುಗಿ, ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾಡಿಸಿದರು, ಮನೆಮನೆಯಲ್ಲಿ ರೋಗಿಗಳನ್ನು ಹುಡುಕಿದರು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಒಂದು ತುಂಡು ಅರಿವೆಯಿಂದ ಇಷ್ಟಾಯಿತು!

ಶರಣರ ಗಣದಲ್ಲಿ ವೈದ್ಯ ಸಂಗಣ್ಣನಿದ್ದನು. ಕಸಗುಡಿಸುವ ಕಾಯಕದ ಸತ್ಯಕ್ಕನೂ ಇದ್ದಳು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರೂ ಇದ್ದರು. ಮದ್ದು ಕೊಡುವುದು ಮೇಲು, ಬೀದಿಯ ಕಸ ತೆಗೆಯುವುದು ಕೀಳು ಎಂಬ ಭೇದವನ್ನು ಅವರು ಎಣಿಸಲಿಲ್ಲ.

ಆದರೆ ಕಾಯಕವು ಒಳ್ಳೆಯದಾದರೆ ಸಾಲದು, ಅದರ ಹಿಂದಣ ಭಾವವೂ ಶುದ್ಧವಾಗಿರಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದರಲ್ಲಿ ಆಸೆಯ ಸುಳಿವನ್ನು ಕಂಡು, ಮಿಕ್ಕುದನ್ನು ಮರಳಿ ಚೆಲ್ಲಿ ಬರಲು ಹೇಳಿದಳು. ಕಾಯಕ ಅದೇ, ಅಕ್ಕಿಯೂ ಅದೇ. ಭಾವ ಮಾತ್ರ ಬೇರೆಯಾಗಿತ್ತು.

ಆ ಯುವಕನ ಭಾವವು ದುಃಖದಿಂದ ಹುಟ್ಟಿದುದು. ಇದು ಅವನೊಬ್ಬನ ಕಥೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಡಾ. ಎಚ್. ಸುದರ್ಶನ್ ಅವರ ತಂದೆಯು, ಇವರು ಬಾಲಕರಾಗಿದ್ದಾಗ, ಹಳ್ಳಿಯೊಂದರಲ್ಲಿ ವೈದ್ಯರ ನೆರವಿಲ್ಲದೆ ಇವರ ಕಣ್ಣೆದುರಿನಲ್ಲಿಯೇ ತೀರಿಕೊಂಡರು. ಆ ನೋವೇ ಅವರನ್ನು ವೈದ್ಯವೃತ್ತಿಗೆ ತಂದಿತು. ಆದರೆ ಬರಿಯ ನೋವು ಒಬ್ಬನನ್ನು ಬಹುಕಾಲ ದುಡಿಸಲಾರದು. ತನ್ನ ಮನೆಯ ನೋವು ನೆರೆಮನೆಯ ಕೂಸಿನ ಮೇಲಣ ಕರುಣೆಯಾಗಿ ತಿರುಗಿದಾಗಲೇ ಅದು ದಾಸೋಹವಾಗುವುದು.

ಆದುದರಿಂದ ಯುವಕನಿಗೆ ನಾವು ಹೇಳಿದೆವು: “ತಮ್ಮಾ, ಜ್ವರ ಬಿಡಿಸಿದ ವೈದ್ಯನಿಗೆ ಜನರು ಕೈಮುಗಿಯುತ್ತಾರೆ. ಬಾರದ ಜ್ವರಕ್ಕಾಗಿ ನಿನಗೆ ಕೈಮುಗಿಯುವವರು ಯಾರು? ನೀನು ಉಳಿಸಿದ ಕೂಸಿನ ಹೆಸರು ನಿನಗೇ ತಿಳಿಯದು. ಇದಕ್ಕೆ ಒಪ್ಪುವೆಯಾದರೆ ಹೋಗು. ಆದರೆ ತಂದೆಯ ಸಾಲವನ್ನು ಮರೆಯಬೇಡ. ಸಂಬಳದಲ್ಲಿ ಮೊದಲ ಪಾಲು ಅದಕ್ಕಿರಲಿ. ಮನೆಯವರನ್ನು ಕಣ್ಣೀರಿಡಿಸಿ ಮಾಡುವ ಲೋಕಸೇವೆಯನ್ನು ಲಿಂಗವು ಮೆಚ್ಚದು.”

ಬಹಳ ಹೊತ್ತು ಸುಮ್ಮನಿದ್ದ ತಂದೆಯು ಕೊನೆಗೆ, “ಹೊಲದ ಚಿಂತೆ ಇನ್ನೆರಡು ವರ್ಷ ನನಗಿರಲಿ, ಅಪ್ಪಾವರೇ” ಎಂದರು. ಆ ಒಂದು ಮಾತಿನಲ್ಲಿ ಮಗನ ಕಾಯಕದಲ್ಲಿ ತಂದೆಯೂ ಪಾಲುಗಾರರಾದರು.

ಗೃಹಸ್ಥ ಭಕ್ತರೇ, ಎಲ್ಲರೂ ವೈದ್ಯರಾಗಲಾರರು. ಆದರೆ ಗಣಾಚಾರವನ್ನು ನಂಬಿದ ನಮಗೆ ಸಮುದಾಯದ ಕೇಡು ತನ್ನ ಕೇಡೇ ಅಲ್ಲವೆ? ಪಾದೋದಕವೆಂದು ನೀರನ್ನು ಕಣ್ಣಿಗೊತ್ತಿಕೊಳ್ಳುವ ನಾವು ಕೆರೆಯ ದಂಡೆಯಲ್ಲಿ ಹೊಲಸು ಮಾಡಬಹುದೆ? ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದಾಗ ಬೇಸರದಿಂದ ಕದವಿಕ್ಕಬಹುದೆ? ಆ ತಾಯಿಯೂ ದಾರಿ ಕಾಯುವವಳೇ. ಅವಳಿಗೊಂದು ಮಣೆ ಹಾಕಿರಿ, ಒಂದು ತಂಬಿಗೆ ನೀರು ಕೊಡಿರಿ, ಅವಳು ಹೇಳಿದ್ದನ್ನು ಕೇಳಿ ನಡೆಯಿರಿ. ಇದೂ ಜಂಗಮ ದಾಸೋಹವೇ ಅಹುದು.